ಹದಿಮೂರರ ಹುಡುಗನಿಗೆ ‘ಮಿಡ್‌ಫೀಲ್ಡ್ ಆಡುವಷ್ಟು ದಮ್ಮಿಲ್ಲ’ ಅಂದರೆ ಏನರ್ಥ?

ಪ್ರಶ್ನೆ: ನನ್ನ ಮಗನಿಗೆ ಕಳೆದ ನವೆಂಬರ್‌ಗೆ 13 ತುಂಬಿತು. ಎಂಟನೇ ವಯಸ್ಸಿನಿಂದ ಫುಟ್‌ಬಾಲ್ ಆಡುತ್ತಿದ್ದಾನೆ, ಯಾವಾಗಲೂ ಮಿಡ್‌ಫೀಲ್ಡ್, ಅಂದರೆ ಮೈದಾನದ ಮಧ್ಯದಲ್ಲಿ. ಹೋದ ತಿಂಗಳು ಅಕಾಡೆಮಿಯಲ್ಲಿ ಫಿಟ್‌ನೆಸ್ ಟೆಸ್ಟ್ ಮಾಡಿದರು. ಯೋ-ಯೋ ಟೆಸ್ಟ್‌ನಲ್ಲೂ (ಬೀಪ್ ಸದ್ದಿಗೆ ತಕ್ಕಂತೆ ಓಡಿ ತಿರುಗಿ ಬರುವ ಪರೀಕ್ಷೆ) 30 ಮೀಟರ್ ಓಟದಲ್ಲೂ ಇವನು ಕೊನೆಯಿಂದ ಮೂರನೆಯವನು. ‘ಮಿಡ್‌ಫೀಲ್ಡಿಗೆ ಬೇಕಾದ ಸ್ಟ್ಯಾಮಿನಾ ಇಲ್ಲ’ ಎಂದು ಕೋಚ್ ಅವನನ್ನು ಸೈಡ್ ಬ್ಯಾಕ್ (ಹಿಂದೆ, ಪಕ್ಕದ ಗೆರೆಯ ಹತ್ತಿರ) ಆಡಿಸುತ್ತಿದ್ದಾರೆ. ಇವನ ಜಾಗಕ್ಕೆ ಬಂದ ಹುಡುಗ ಇವನಿಗಿಂತ ಒಂದು ತಲೆ ಎತ್ತರ. ಒಂದೊಂದು ಪೊಸಿಷನ್‌ಗೆ ಒಂದೊಂದು ಥರದ ಫಿಟ್‌ನೆಸ್ ಬೇಕು ಅನ್ನುವುದು ನಿಜವಾ? ಇವನು ಮತ್ತೆ ಮಿಡ್‌ಫೀಲ್ಡ್ ಆಡಬಹುದಾ? ಅವರಪ್ಪ ದಿನಾ ಬೆಳಿಗ್ಗೆ 5 ಕಿಲೋಮೀಟರ್ ಓಡಿಸುತ್ತಿದ್ದಾರೆ. ಅದು ಸರಿಯಾ?
— ಬೆಳಗಾವಿಯ ತಾಯಿಯೊಬ್ಬರು

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ಹೋಗಿ ನಿಂತದ್ದು ‘ನವೆಂಬರ್’ ಅನ್ನುವ ಪದದ ಮೇಲೆ. ಅದರ ವಿಷಯ ಸ್ವಲ್ಪ ಆಮೇಲೆ ಹೇಳುತ್ತೇನೆ. ಮೊದಲು ನೀವು ಕೇಳಿದ್ದಕ್ಕೆ ಬರೋಣ.

ಪೊಸಿಷನ್‌ಗೆ ತಕ್ಕ ಫಿಟ್‌ನೆಸ್ ಅನ್ನುವುದು ನಿಜ. ದೊಡ್ಡವರ ಆಟದಲ್ಲಿ ಅದು ಚೆನ್ನಾಗಿ ಕಾಣುತ್ತದೆ. 90 ನಿಮಿಷದ ಪಂದ್ಯದಲ್ಲಿ ಒಬ್ಬ ವೃತ್ತಿಪರ ಆಟಗಾರ ಸುಮಾರು 10ರಿಂದ 12 ಕಿಲೋಮೀಟರ್ ಓಡಾಡುತ್ತಾನೆ. ಅದರಲ್ಲಿ ಎಲ್ಲರಿಗಿಂತ ಜಾಸ್ತಿ ಓಡುವವನು ಮಿಡ್‌ಫೀಲ್ಡರ್. ಗೋಲ್‌ಕೀಪರ್ ಬಿಟ್ಟರೆ ಕಡಿಮೆ ಓಡುವವನು ಸ್ಟಾಪರ್, ಅಂದರೆ ಗೋಲಿನ ಎದುರು ನಡುವೆ ನಿಲ್ಲುವ ಡಿಫೆಂಡರ್. ಗೋಲ್‌ಕೀಪರ್ ಕೂಡ ಸುಮ್ನೆ ನಿಂತಿರುವುದಿಲ್ಲ, ಅವನದೂ ಐದು ಕಿಲೋಮೀಟರ್ ಹತ್ತಿರ ಆಗುತ್ತದೆ. ಆದರೆ ಎಷ್ಟು ದೂರ ಓಡಿದ ಅನ್ನುವುದಕ್ಕಿಂತ ಹೇಗೆ ಓಡಿದ ಅನ್ನುವುದೇ ಮುಖ್ಯ. ಗೆರೆಯ ಪಕ್ಕದಲ್ಲಿ ಆಡುವ ವಿಂಗರ್ ಮತ್ತು ಸೈಡ್ ಬ್ಯಾಕ್‌ಗಳ ಓಟದಲ್ಲಿ ಜೋರಿನ ಓಟದ ಪಾಲು ಜಾಸ್ತಿ. ಗೋಲು ಹೊಡೆಯಲು ಎಲ್ಲರಿಗಿಂತ ಮುಂದೆ ನಿಲ್ಲುವ ಸ್ಟ್ರೈಕರ್‌ದು ಚಿಕ್ಕ ಚಿಕ್ಕ ಸ್ಫೋಟ. ಹತ್ತು ಹೆಜ್ಜೆ ನಡೆಯುತ್ತಾನೆ, ಆಮೇಲೆ ಎರಡು ಸೆಕೆಂಡು ಬಾಣದ ಹಾಗೆ ಹೋಗುತ್ತಾನೆ. ಜರ್ಮನಿಯ ದೊಡ್ಡ ಲೀಗ್ ಬುಂಡೆಸ್‌ಲೀಗಾದ ಗೋಲುಗಳನ್ನು ಒಂದೊಂದಾಗಿ ನೋಡಿದ ಒಂದು ಅಧ್ಯಯನ ಇದೆ. ಸುಮಾರು 45 ಶೇಕಡಾ ಗೋಲುಗಳಲ್ಲಿ, ಗೋಲು ಹೊಡೆದವನು ಅದಕ್ಕೆ ಸ್ವಲ್ಪ ಮುಂಚೆ ನೇರವಾಗಿ ಜೋರಾಗಿ ಓಡಿದ್ದ. ಮುಂದೆ ಆಡುವವರಿಗೆ ಮೊದಲ ಹತ್ತು ಮೀಟರ್‌ನ ವೇಗ ಯಾಕೆ ಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಇಲ್ಲಿ ಒಂದು ಮಾತು. ನಿಮ್ಮ ಮಗನಿಗೆ ಸ್ಟ್ಯಾಮಿನಾ ಇಲ್ಲ ಎಂದು ಸೈಡ್ ಬ್ಯಾಕ್‌ಗೆ ಹಾಕಿದ್ದಾರೆ ಅಂದಿರಲ್ಲ, ಇಂದಿನ ಫುಟ್‌ಬಾಲ್‌ನಲ್ಲಿ ಸೈಡ್ ಬ್ಯಾಕ್ ಅಂದರೆ ಉಸಿರು ಬಿಡಲೂ ಬಿಡುವಿಲ್ಲದ ಜಾಗ. ದೊಡ್ಡವರ ಯೋ-ಯೋ ಟೆಸ್ಟ್‌ನಲ್ಲಿ ಸೈಡ್ ಬ್ಯಾಕ್‌ಗಳು ಮಿಡ್‌ಫೀಲ್ಡರ್‌ಗಳಿಗೆ ಸರಿಸಮ ನಿಲ್ಲುತ್ತಾರೆ. ಹಾಗಾಗಿ ‘ದಮ್ಮಿಲ್ಲ, ಅದಕ್ಕೇ ಸೈಡ್ ಬ್ಯಾಕ್’ ಅನ್ನುವ ಲೆಕ್ಕ ಕೂಡುವುದಿಲ್ಲ. ಕೋಚ್ ಮನಸ್ಸಿನಲ್ಲಿ ಬೇರೆ ಕಾರಣವೂ ಇರಬಹುದು. ಮಧ್ಯದಲ್ಲಿ ದೊಡ್ಡ ಹುಡುಗರು ಮೈಮೇಲೆ ಬಿದ್ದಾಗ ಇವನು ಚೆಂಡು ಕಳೆದುಕೊಳ್ಳುತ್ತಿರಬಹುದು. ಹೋಗಿ ನೇರವಾಗಿ ಕೇಳಿ. ದೂರು ಹೇಳಲು ಬಂದ ಹಾಗೆ ಬೇಡ, ತಿಳಿದುಕೊಳ್ಳಲು ಬಂದ ಹಾಗೆ ಕೇಳಿದರೆ ಬಹಳಷ್ಟು ಕೋಚ್‌ಗಳು ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ಈಗ ಮಕ್ಕಳ ವಿಷಯ. ಬೆಲ್ಜಿಯಂನಲ್ಲಿ 8ರಿಂದ 18 ವರ್ಷದ 744 ಆಟಗಾರರನ್ನು ಪೊಸಿಷನ್ ಪ್ರಕಾರ ಅಳೆದು ನೋಡಿದ್ದಾರೆ. ಎಲ್ಲರೂ ಒಳ್ಳೆಯ ಕ್ಲಬ್‌ಗಳಲ್ಲಿ ಕಲಿಯುತ್ತಿದ್ದ ಹುಡುಗರು. ಒಟ್ಟಾರೆ ಚಿತ್ರ ದೊಡ್ಡವರದನ್ನೇ ಹೋಲುತ್ತದೆ. ಗೋಲ್‌ಕೀಪರ್ ಮತ್ತು ಡಿಫೆಂಡರ್‌ಗಳು ಎತ್ತರ, ತೂಕ ಎರಡರಲ್ಲೂ ಮುಂದೆ. ಫಾರ್ವರ್ಡ್‌ಗಳು ಚುರುಕು, ವೇಗ. ಮಿಡ್‌ಫೀಲ್ಡರ್‌ಗಳ ದಮ್ಮು ಚೆನ್ನಾಗಿದೆ.

ಆದರೆ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ಒಂಬತ್ತು ವರ್ಷದ ಡಿಫೆಂಡರ್ ಎತ್ತರ ಇದ್ದಾನೆ ಅಂದರೆ, ಡಿಫೆನ್ಸ್ ಆಡಿ ಆಡಿ ಎತ್ತರ ಆದನಾ? ಇಲ್ಲ ಅಲ್ವಾ? ಎತ್ತರ ಇದ್ದ, ಅದಕ್ಕೇ ಯಾರೋ ಅವನನ್ನು ಅಲ್ಲಿ ನಿಲ್ಲಿಸಿದರು. ಆ ಸಂಶೋಧಕರೂ ಹತ್ತಿರ ಹತ್ತಿರ ಇದನ್ನೇ ಹೇಳುತ್ತಾರೆ. ಹುಡುಗನ ಮೈಕಟ್ಟು ಮತ್ತು ವೇಗವೇ ಅವನನ್ನು ಒಂದು ಜಾಗಕ್ಕೆ ಸೇರಿಸುತ್ತದೆ, ಇನ್ನೊಂದರಿಂದ ಹೊರಗಿಡುತ್ತದೆ. ಚಿಕ್ಕ ವಯಸ್ಸಿನಲ್ಲಿ ಪೊಸಿಷನ್‌ಗಳ ನಡುವೆ ಕಾಣುವ ಫಿಟ್‌ನೆಸ್ ವ್ಯತ್ಯಾಸದಲ್ಲಿ ತರಬೇತಿಯ ಪಾಲಿಗಿಂತ ನಮ್ಮ, ಅಂದರೆ ಕೋಚ್‌ಗಳ, ಆಯ್ಕೆಯ ಪಾಲೇ ದೊಡ್ಡದು.

ಈಗ ನವೆಂಬರ್. ವಯಸ್ಸಿನ ಗುಂಪುಗಳನ್ನು ಜನವರಿ 1ರ ಲೆಕ್ಕದಲ್ಲಿ ಮಾಡುತ್ತಾರೆ. ಅದೇ ವರ್ಷ ಜನವರಿಯಲ್ಲಿ ಹುಟ್ಟಿದ ಹುಡುಗ ನಿಮ್ಮ ಮಗನಿಗಿಂತ ಹತ್ತು ತಿಂಗಳು ದೊಡ್ಡವನು. ಆದರೂ ಇಬ್ಬರೂ ಒಂದೇ ಗುಂಪು. ಜಗತ್ತಿನ ಬಹುತೇಕ ಕಡೆ ಆಯ್ದ ಕಿರಿಯರ ತಂಡಗಳ ಪಟ್ಟಿ ತೆಗೆದು ನೋಡಿದರೆ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರೇ ತುಂಬಿರುತ್ತಾರೆ, ಕೊನೆಯ ಮೂರು ತಿಂಗಳಿನವರು ಬೆರಳೆಣಿಕೆ. ನವೆಂಬರ್, ಡಿಸೆಂಬರ್ ಮಕ್ಕಳಿಗೆ ಪ್ರತಿಭೆ ಕಡಿಮೆ ಇರುತ್ತದಾ? ಖಂಡಿತ ಇಲ್ಲ.

ಹತ್ತು ತಿಂಗಳ ಅಂತರವಾದರೂ ಸಣ್ಣದು. ಅದಕ್ಕಿಂತ ದೊಡ್ಡದು ಒಳಗಿನ ಗಡಿಯಾರ. ಹುಡುಗರು ಸಾಮಾನ್ಯವಾಗಿ 14ರ ಆಸುಪಾಸಿನಲ್ಲಿ ಸರ್ರನೆ ಎತ್ತರ ಆಗುತ್ತಾರೆ. ಆ ಒಂದು ವರ್ಷದಲ್ಲಿ 9–10 ಸೆಂಟಿಮೀಟರ್ ಬೆಳೆಯುವುದು ಮಾಮೂಲು. ಆದರೆ ಕೆಲವರಿಗೆ ಈ ಜೋರಿನ ಬೆಳವಣಿಗೆ 12ಕ್ಕೇ ಬರುತ್ತದೆ, ಕೆಲವರಿಗೆ 16ರ ಹತ್ತಿರ. ಒಂದೇ ಗೊನೆಯ ಕಾಯಿಗಳೂ ಒಂದೇ ದಿನ ಹಣ್ಣಾಗುವುದಿಲ್ಲವಲ್ಲ. 14ರೊಳಗಿನ ಒಂದು ತಂಡದಲ್ಲಿ ಪಕ್ಕಪಕ್ಕ ನಿಂತ ಇಬ್ಬರು ಹುಡುಗರ ದೇಹದ ವಯಸ್ಸಿನಲ್ಲಿ ನಾಲ್ಕು ವರ್ಷದ ಅಂತರ ಇರಬಹುದು. ಒಬ್ಬನಿಗೆ ಮೀಸೆ ಚಿಗುರಿದೆ, ಇನ್ನೊಬ್ಬನಿಗೆ ಇನ್ನೂ ಹಾಲುಗೆನ್ನೆ. ಇಬ್ಬರನ್ನೂ ಒಂದೇ ಗೆರೆ ಮೇಲೆ ನಿಲ್ಲಿಸಿ ಸೀಟಿ ಊದಿ, ಬಂದ ಅಂಕಿ ನೋಡಿ ‘ಇವನು ಫಿಟ್, ಅವನು ಅನ್‌ಫಿಟ್’ ಅಂದುಬಿಡುತ್ತೇವೆ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ.

ಪೋರ್ಚುಗಲ್‌ನಲ್ಲಿ 13ರಿಂದ 15 ವರ್ಷದ ಆಟಗಾರರ ಮೇಲೆ ಸಂಶೋಧಕ ರಾಬರ್ಟ್ ಮಲಿನಾ ಮತ್ತು ಸಂಗಡಿಗರು ಮಾಡಿದ ಕೆಲಸ ಈ ಕ್ಷೇತ್ರದವರಿಗೆಲ್ಲ ಗೊತ್ತು. 30 ಮೀಟರ್ ಓಟ, ನಿಂತಲ್ಲಿಂದ ಮೇಲಕ್ಕೆ ನೆಗೆತ, ಯೋ-ಯೋ ಥರದ ಓಟ, ಮೂರರಲ್ಲೂ ಹುಡುಗ ಬೆಳವಣಿಗೆಯ ಯಾವ ಹಂತದಲ್ಲಿದ್ದಾನೆ ಅನ್ನುವುದು ಫಲಿತಾಂಶವನ್ನು ಮೇಲೆ ಕೆಳಗೆ ಮಾಡುತ್ತದೆ. ಅದೇ ಹುಡುಗರಿಗೆ ಚೆಂಡಿನ ಕೌಶಲದ ಪರೀಕ್ಷೆ ಕೊಟ್ಟಾಗ ವಯಸ್ಸು, ಮೈಕಟ್ಟು, ಬೆಳವಣಿಗೆ ಎಲ್ಲ ಸೇರಿದರೂ ಅವುಗಳ ಪಾಲು ತುಂಬಾ ಕಡಿಮೆ ಬಂತು. ಅಂದರೆ ಬೇಗ ಬೆಳೆದವನಿಗೆ ಕಾಲು ಉದ್ದ, ಸ್ನಾಯು ಗಟ್ಟಿ, ಹೃದಯ ದೊಡ್ಡದು. ಅದರ ಲಾಭ ಓಟದಲ್ಲಿ ಸಿಗುತ್ತದೆ. ಚೆಂಡು ನಿಲ್ಲಿಸುವುದರಲ್ಲಿ, ತಲೆ ಎತ್ತಿ ಪಾಸ್ ಹುಡುಕುವುದರಲ್ಲಿ ಅಷ್ಟಾಗಿ ಸಿಗುವುದಿಲ್ಲ. ನಿಮ್ಮ ಮಗನ ಕೌಶಲದ ಬಗ್ಗೆ ಕೋಚ್ ಏನೂ ಹೇಳಲಿಲ್ಲವಾ? ಪತ್ರದಲ್ಲಿ ನೀವು ಬರೆದಿಲ್ಲ. ಮಿಡ್‌ಫೀಲ್ಡರ್ ಬಗ್ಗೆ ನಾನು ಮೊದಲು ಕೇಳುವುದು ಅದನ್ನೇ.

ಯೋ-ಯೋ ಟೆಸ್ಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಡೆನ್ಮಾರ್ಕ್‌ನ ಯೆನ್ಸ್ ಬಾಂಗ್ಸ್‌ಬೋ ರೂಪಿಸಿದ ಪರೀಕ್ಷೆ ಅದು, ಫುಟ್‌ಬಾಲ್‌ಗೆ ಚೆನ್ನಾಗಿ ಹೊಂದುತ್ತದೆ. 20 ಮೀಟರ್ ಹೋಗಬೇಕು, ತಿರುಗಬೇಕು, 20 ಮೀಟರ್ ವಾಪಸ್ ಬರಬೇಕು, ಹತ್ತು ಸೆಕೆಂಡು ಸುಧಾರಿಸಿಕೊಳ್ಳಬೇಕು. ಮೊದಲ ಹಂತ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಶುರುವಾಗಿ ಬೀಪ್ ಸದ್ದಿನ ಜೊತೆ ಏರುತ್ತಾ ಹೋಗುತ್ತದೆ. ಎರಡು ಸಲ ಗೆರೆ ತಪ್ಪಿದರೆ ಹೊರಗೆ. ಒಳ್ಳೆಯ ವೃತ್ತಿಪರರು 2,000 ಮೀಟರ್ ದಾಟುತ್ತಾರೆ. ಆದರೆ ಗಮನಿಸಿ, ಬೀಪ್ ಎಲ್ಲರಿಗೂ ಒಂದೇ. ಕಾಲು ಚಿಕ್ಕದಿರುವ ಹುಡುಗ ಅದೇ 20 ಮೀಟರ್‌ಗೆ ಜಾಸ್ತಿ ಹೆಜ್ಜೆ ಹಾಕಬೇಕು. ಗೆರೆ ಮುಟ್ಟಿ ತಿರುಗುವ ಚಾಕಚಕ್ಯತೆಯೂ ಬೇಕು, ಅದು ಅಭ್ಯಾಸದಿಂದ ಬರುವಂಥದ್ದು. ಮೊದಲ ಸಲ ಓಡುವ ಮಕ್ಕಳು ಶುರುವಿನಲ್ಲೇ ಜೋರಾಗಿ ಓಡಿ ಗೆರೆಯ ಹತ್ತಿರ ಬೀಪ್‌ಗೆ ಕಾಯುತ್ತಾ ನಿಂತಿರುತ್ತಾರೆ. ಹಾಗೆ ಸುಮ್ನೆ ಶಕ್ತಿ ಕಳೆದುಕೊಳ್ಳುತ್ತಾರೆ. ನಿಮ್ಮ ಮಗನಿಗೆ ಇದು ಎಷ್ಟನೇ ಸಲ? ಮೊದಲ ಸಲವಾದರೆ ಆ ಅಂಕಿಯನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಆ ದಿನವನ್ನು ಅಭ್ಯಾಸ ಅಂದುಕೊಳ್ಳಿ.

ಇಂಥ ಪರೀಕ್ಷೆಯ ನಿಜವಾದ ಉಪಯೋಗ ಒಬ್ಬ ಹುಡುಗನನ್ನು ಅವನ ಜೊತೆಯೇ ಹೋಲಿಸುವುದರಲ್ಲಿದೆ. ಜೂನ್‌ನಲ್ಲಿ ಎಷ್ಟಿತ್ತು, ಡಿಸೆಂಬರ್‌ನಲ್ಲಿ ಎಷ್ಟಾಯಿತು. ಏರುತ್ತಿದ್ದರೆ ಹುಡುಗ ಸರಿಯಾದ ದಾರಿಯಲ್ಲಿದ್ದಾನೆ, ಪಟ್ಟಿಯಲ್ಲಿ ಎಷ್ಟನೆಯವನೇ ಆಗಿರಲಿ.

ನನ್ನ ಕೈಯಿಂದಲೇ ಆದ ಒಂದು ತಪ್ಪು ಹೇಳುತ್ತೇನೆ. ಅದು ನಿಮ್ಮ ಮಗನದ್ದಕ್ಕೆ ಉಲ್ಟಾ ಕಥೆ. ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ತಂಡದಲ್ಲಿ 12 ವರ್ಷದ ಹುಡುಗನೊಬ್ಬ ಎಲ್ಲರಿಗಿಂತ ಎತ್ತರ, ಗಟ್ಟಿಮುಟ್ಟು. ಅವನನ್ನು ಸ್ಟಾಪರ್ ಮಾಡಿದೆ. ಬಂದ ಚೆಂಡನ್ನೆಲ್ಲ ತಲೆಯಿಂದ ಹೊಡೆಯುತ್ತಿದ್ದ, ಕಾಲಿಗೆ ಸಿಕ್ಕಿದ್ದನ್ನು ದೂರ ಒದೆಯುತ್ತಿದ್ದ. ನಾವು ಗೆಲ್ಲುತ್ತಿದ್ದೆವು. ಮೂರು ವರ್ಷ ಅವನನ್ನು ಆ ಜಾಗದಿಂದ ಕದಲಿಸಲಿಲ್ಲ. 16ಕ್ಕೆ ಬರುವಷ್ಟರಲ್ಲಿ ಉಳಿದವರೆಲ್ಲ ಅವನ ಎತ್ತರಕ್ಕೆ ಬಂದರು, ಇಬ್ಬರು ದಾಟಿಯೂ ಹೋದರು. ಅವನ ಬೆಳವಣಿಗೆ ಆಗಲೇ ಮುಗಿದಿತ್ತು. ಚೆಂಡು ಕಾಲಲ್ಲಿಟ್ಟುಕೊಂಡು ತಿರುಗುವುದು, ಒತ್ತಡದಲ್ಲಿ ಸಣ್ಣ ಪಾಸ್ ಕೊಡುವುದು, ಇದ್ಯಾವುದನ್ನೂ ನಾನು ಅವನಿಗೆ ಕಲಿಸಿರಲಿಲ್ಲ. ಅವಶ್ಯಕತೆಯೇ ಬಿದ್ದಿರಲಿಲ್ಲ. ಹುಡುಗ ಆಟ ಬಿಟ್ಟ. ಅವನ ಮುಖ ಈಗಲೂ ನೆನಪಿದೆ. ಬೇಗ ಪೊಸಿಷನ್ ಕಟ್ಟಿಹಾಕಿದರೆ ಸಣ್ಣ ಹುಡುಗನಿಗೆ ಅನ್ಯಾಯ, ದೊಡ್ಡ ಹುಡುಗನಿಗೂ ಅನ್ಯಾಯ. ನಿಮ್ಮ ಮಗನ ಜಾಗಕ್ಕೆ ಬಂದ ಆ ಎತ್ತರದ ಹುಡುಗನ ಬಗ್ಗೆ ಮನೆಯಲ್ಲಿ ಬೇಸರದ ಮಾತು ಬೇಡ. ಅವನಿಗೂ ಮಧ್ಯದಲ್ಲಿ ಆಡಿ ಕಲಿಯಬೇಕಾದ್ದು ಬೇಕಾದಷ್ಟಿದೆ.

ಬೇರೆ ದೇಶಗಳು ಇದಕ್ಕೆ ದಾರಿ ಹುಡುಕುತ್ತಿವೆ. ಬೆಲ್ಜಿಯಂನ ಫುಟ್‌ಬಾಲ್ ಸಂಸ್ಥೆ ತಡವಾಗಿ ಬೆಳೆಯುವ ಹುಡುಗರಿಗೆಂದೇ ಕಿರಿಯರ ಮಟ್ಟದಲ್ಲಿ ಬೇರೆ ತಂಡ ಇಟ್ಟಿದೆ. ಇಂಗ್ಲೆಂಡ್‌ನ ಅಕಾಡೆಮಿಗಳು ಆಗಾಗ ವಯಸ್ಸು ಬಿಟ್ಟು ದೇಹದ ಬೆಳವಣಿಗೆ ನೋಡಿ ಗುಂಪು ಮಾಡಿ ಪಂದ್ಯ ಆಡಿಸುತ್ತವೆ. ನಮ್ಮ ಅಕಾಡೆಮಿಗಳೂ ತಿಂಗಳಿಗೊಂದು ಭಾನುವಾರ ಇದನ್ನು ಮಾಡಬಹುದು. ಖರ್ಚಿಲ್ಲ, ಒಂದು ಅಳತೆ ಪಟ್ಟಿ ಸಾಕು.

ಪೊಸಿಷನ್ ಬದಲಾಗುವುದು ದೊಡ್ಡ ಆಟಗಾರರ ಬದುಕಿನಲ್ಲೂ ಇದ್ದದ್ದೇ. ಎರಡು ಮೀಟರ್ ಎತ್ತರದ ಗೋಲ್‌ಕೀಪರ್ ತಿಬೋ ಕೋರ್ಟುವಾ ಚಿಕ್ಕವನಿದ್ದಾಗ ಆಡುತ್ತಿದ್ದದ್ದು ಲೆಫ್ಟ್ ಬ್ಯಾಕ್. ಜರ್ಮನಿಯ ಫಿಲಿಪ್ ಲಾಮ್ ವರ್ಷಗಟ್ಟಲೆ ಸೈಡ್ ಬ್ಯಾಕ್ ಆಡಿದವರು. 2013ರಲ್ಲಿ ಪೆಪ್ ಗ್ವಾರ್ಡಿಯೋಲಾ ಕೋಚ್ ಆಗಿ ಬಂದ ಮೇಲೆ ಬಯರ್ನ್ ಮ್ಯೂನಿಕ್‌ನ ಮಿಡ್‌ಫೀಲ್ಡ್‌ನಲ್ಲಿ ಆಡಿದರು. ಎತ್ತರ ಸುಮಾರು 5 ಅಡಿ 7 ಇಂಚು, ಅಷ್ಟೆ. ಸ್ಟಾಪರ್ ಅಂದರೆ ಆರಡಿ ಇರಲೇಬೇಕು ಅನ್ನುವವರಿಗೆ ನಾನು 2006ರಲ್ಲಿ ವಿಶ್ವಕಪ್ ಎತ್ತಿದ ಇಟಲಿಯ ನಾಯಕ ಫ್ಯಾಬಿಯೋ ಕನ್ನವಾರೊ ಹೆಸರು ಹೇಳುತ್ತೇನೆ. 5 ಅಡಿ 9 ಇಂಚಿನ ಡಿಫೆಂಡರ್, ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ ಪ್ರಶಸ್ತಿ ಕೂಡ ಆ ವರ್ಷ ಅವರಿಗೇ ಬಂತು. ಅಷ್ಟು ದೂರ ಯಾಕೆ, ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ತಮಗಿಂತ ಎತ್ತರದ ಡಿಫೆಂಡರ್‌ಗಳ ನಡುವೆ ನೆಗೆದು ತಲೆಯಿಂದ ಹೊಡೆದ ಗೋಲುಗಳನ್ನು ಮಗನ ಜೊತೆ ಕೂತು ನೋಡಿ. ನೆಗೆಯುವ ಸಮಯ ಗೊತ್ತಿರುವುದು ಅಂದರೆ ಏನು ಅಂತ ಅವನಿಗೇ ಅರ್ಥವಾಗುತ್ತದೆ.

ಇನ್ನು ಅಪ್ಪನ 5 ಕಿಲೋಮೀಟರ್. ಮಗನ ಜೊತೆ ಬೆಳಿಗ್ಗೆ ಎದ್ದು ಹೋಗುವ ಅವರ ಪ್ರೀತಿ ದೊಡ್ಡದು. ಆದರೆ ದಿನಾ ಬೇಡ, ರಸ್ತೆ ಮೇಲಂತೂ ಬೇಡ. ಕಾರಣ ಎರಡು.

ಮೊದಲನೆಯದು, ಫುಟ್‌ಬಾಲ್‌ನ ಓಟ ಹಾಗಿರುವುದಿಲ್ಲ. ಒಂದೇ ವೇಗದಲ್ಲಿ ಅರ್ಧ ಗಂಟೆ ಓಡುವುದು ಇಲ್ಲಿ ಎಲ್ಲೂ ಬರುವುದಿಲ್ಲ. ಓಡು, ನಿಲ್ಲು, ತಿರುಗು, ಮತ್ತೆ ಓಡು. ನಾರ್ವೆಯ ಯಾನ್ ಹೆಲ್ಗೆರುಡ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 18 ವರ್ಷದ ಜೂನಿಯರ್ ಆಟಗಾರರಿಗೆ ನಾಲ್ಕು ನಿಮಿಷ ಜೋರಿನ ಓಟ, ಮೂರು ನಿಮಿಷ ಮೆಲ್ಲಗೆ ಜಾಗಿಂಗ್, ಹೀಗೆ ನಾಲ್ಕು ಸುತ್ತು ಕೊಟ್ಟರು. ಜೋರಿನ ಓಟದಲ್ಲಿ ಎದೆಬಡಿತ ಗರಿಷ್ಠದ 90–95 ಶೇಕಡಾ ಮುಟ್ಟಬೇಕಿತ್ತು. ವಾರಕ್ಕೆ ಎರಡೇ ದಿನ, ಎಂಟು ವಾರ. ಆಮ್ಲಜನಕ ಬಳಸಿಕೊಳ್ಳುವ ಅವರ ಗರಿಷ್ಠ ಸಾಮರ್ಥ್ಯ, ಮೈತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ 58 ಮಿಲಿಲೀಟರ್ ಇದ್ದದ್ದು 64 ದಾಟಿತು. ಪಂದ್ಯದಲ್ಲಿ ಓಡಿದ ದೂರ 20 ಶೇಕಡಾ ಜಾಸ್ತಿಯಾಯಿತು, ಸ್ಪ್ರಿಂಟ್‌ಗಳು ಎರಡು ಪಟ್ಟಾದವು. ದಮ್ಮು ಅನ್ನುವುದು ಹುಟ್ಟಿನಿಂದ ಬಂದು ಹಾಗೇ ಉಳಿಯುವಂಥದ್ದಲ್ಲ, ಎಂಟು ವಾರದಲ್ಲಿ ಇಷ್ಟು ಬದಲಾಗುತ್ತದೆ. ಹಾಗಿರುವಾಗ 13ರ ಹುಡುಗನ ಪೊಸಿಷನ್ ಅನ್ನು ಒಂದು ದಿನದ ಅಂಕಿಗೆ ಕಟ್ಟುವುದು ಯಾವ ನ್ಯಾಯ?

ನಿಮ್ಮ ಮಗನಿಗೆ ಅದೇ ಕಸರತ್ತು ಹಾಗೇ ಬೇಡ. ನಾಲ್ಕು ಜನ ಗೆಳೆಯರ ಎದುರು ನಾಲ್ಕು ಜನ, ಚಿಕ್ಕ ಜಾಗದಲ್ಲಿ, ಮೂರು ನಾಲ್ಕು ನಿಮಿಷದ ಆಟ, ಎರಡು ಮೂರು ನಿಮಿಷ ಬಿಡುವು, ಮತ್ತೆ ಆಟ. ಹೀಗೆ ನಾಲ್ಕು ಸಲ. ಎದೆಬಡಿತ ಏರಬೇಕಾದಷ್ಟು ಏರುತ್ತದೆ, ಚೆಂಡೂ ಕಾಲಿಗೆ ನೂರಾರು ಸಲ ಸಿಗುತ್ತದೆ. ವಾರಕ್ಕೆ ಎರಡು ದಿನ ಸಾಕು. ಅಕಾಡೆಮಿಯಲ್ಲಿ ಇದನ್ನು ಆಗಲೇ ಮಾಡಿಸುತ್ತಿದ್ದರೆ ಮನೆಯಲ್ಲಿ ಇನ್ನೊಮ್ಮೆ ಸೇರಿಸಬೇಡಿ.

ಎರಡನೆಯ ಕಾರಣ ಮೂಳೆ. ಎತ್ತರ ಏರುವ ಕಾಲದಲ್ಲಿ ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯು ಮತ್ತು ಅದರ ಶಕ್ತಿ ಆಮೇಲೆ ಬರುತ್ತವೆ. ಮಂಡಿಚಿಪ್ಪಿನ ಕೆಳಗೆ ಮತ್ತು ಹಿಮ್ಮಡಿಯಲ್ಲಿ ಸ್ನಾಯುವಿನ ನಾರು ಬಂದು ಸೇರುವ ಕಡೆ ಮೂಳೆಯ ಬೆಳೆಯುವ ಭಾಗ ಇನ್ನೂ ಮೆತ್ತಗಿರುತ್ತದೆ. ಅದನ್ನು ಎಳೆದು ಎಳೆದು ನೋವು ಶುರುವಾಗುತ್ತದೆ. ಮಂಡಿಯದಕ್ಕೆ ಆಸ್‌ಗುಡ್-ಶ್ಲಾಟರ್, ಹಿಮ್ಮಡಿಯದಕ್ಕೆ ಸೀವರ್ಸ್ ಅನ್ನುತ್ತಾರೆ. ಮಂಡಿ ಕೆಳಗೆ ಉಬ್ಬು, ಮುಟ್ಟಿದರೆ ನೋವು, ಬೆಳಿಗ್ಗೆ ಹಿಮ್ಮಡಿ ಊರಲು ಕಷ್ಟ, ಇಂಥದ್ದು ಕಂಡರೆ ‘ಬೆಳೆಯೋ ಹುಡುಗ, ಸರಿ ಹೋಗುತ್ತೆ’ ಎಂದು ಓಡಿಸಬೇಡಿ. ಓಟ, ನೆಗೆತ ಕಡಿಮೆ ಮಾಡಿ, ಮೂಳೆ ಡಾಕ್ಟರಿಗೋ ಫಿಸಿಯೋಗೋ ತೋರಿಸಿ. ಈ ಕಾಲದಲ್ಲಿ ಹುಡುಗರು ಸ್ವಲ್ಪ ದಿನ ಎಡವಟ್ಟಾಗಿ ಓಡುವುದೂ ಉಂಟು. ನಿನ್ನೆಯವರೆಗೆ ಸಲೀಸಾಗಿ ನಿಲ್ಲಿಸುತ್ತಿದ್ದ ಚೆಂಡು ಇವತ್ತು ಕಾಲಿಗೆ ಬಡಿದು ಹೋಗುತ್ತದೆ. ಕಾಲು ಉದ್ದವಾಗಿದೆ, ಮಿದುಳಿಗೆ ಹೊಸ ಲೆಕ್ಕ ಇನ್ನೂ ಸಿಕ್ಕಿಲ್ಲ. ಕೆಲವು ತಿಂಗಳು ತಾಳ್ಮೆ ಬೇಕು. ಆ ಹೊತ್ತಿನಲ್ಲಿ ಬೈದರೆ ಮಕ್ಕಳು ಕುಗ್ಗುತ್ತಾರೆ.

ಬೆಳಗಿನ ಹೊತ್ತನ್ನು ಅಪ್ಪ ಮಗ ಹೀಗೆ ಬಳಸಲಿ. ಫಿಫಾದ ‘11+ ಕಿಡ್ಸ್’ ಅನ್ನುವ ವಾರ್ಮ್-ಅಪ್ ಇದೆ. 7ರಿಂದ 13 ವರ್ಷದವರಿಗೆ ಮಾಡಿದ್ದು. ಒಂಟಿ ಕಾಲಿನ ಸಮತೋಲ, ಸಣ್ಣ ನೆಗೆತ, ಸರಿಯಾಗಿ ಬೀಳುವುದು, ಹೊಟ್ಟೆ ಮತ್ತು ಸೊಂಟದ ಬಲ, ಎಲ್ಲ ಸೇರಿ 15–20 ನಿಮಿಷ. ಯೂರೋಪಿನ ನಾಲ್ಕು ದೇಶಗಳಲ್ಲಿ ಸುಮಾರು ನಾಲ್ಕು ಸಾವಿರ ಮಕ್ಕಳ ಮೇಲೆ ನೋಡಿದಾಗ ಇದನ್ನು ಮಾಡಿದವರಲ್ಲಿ ಗಾಯಗಳು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದವು. ವಾರಕ್ಕೆ ಮೂರು ದಿನ ಮಾಡಿದರೆ ಒಳ್ಳೆಯದು. ಅದಾದ ಮೇಲೆ ಹತ್ತು ಮೀಟರ್‌ನ ಜೋರು ಓಟ ಆರು ಸಲ, ನಡುವೆ ಪೂರ್ತಿ ಸುಧಾರಿಸಿಕೊಂಡು. ಅಪ್ಪನೂ ಜೊತೆಗೆ ಓಡಲಿ, ಮಗನಿಗೆ ಖುಷಿ. ವಾರದಲ್ಲಿ ಒಂದು ದಿನ ಪೂರ್ತಿ ರಜೆ.

ಊಟದ ಬಗ್ಗೆ ನಿಮಗೆ ನಾನು ಹೇಳಬೇಕಾದ್ದು ಕಡಿಮೆ. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಇರುವ ಮನೆಯಲ್ಲಿ ಪೌಡರ್ ಡಬ್ಬಿ ಬೇಕಾಗಿಲ್ಲ. ತಿನ್ನುವವರಾದರೆ ಮೊಟ್ಟೆ. ಆದರೆ ನಿದ್ದೆ ನೋಡಿ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ರಾತ್ರಿ ಹನ್ನೊಂದಕ್ಕೆ ಮಲಗಿಸಿದರೆ ಯಾವ ತರಬೇತಿಯೂ ಮೈಗೆ ಹತ್ತುವುದಿಲ್ಲ. ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ಬೇಕು.

(ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಹುಡುಗಿಯರಿಗೆ ಸರ್ರನೆ ಎತ್ತರ ಆಗುವ ಕಾಲ ಸುಮಾರು ಎರಡು ವರ್ಷ ಮುಂಚೆ, 12ರ ಆಸುಪಾಸಿನಲ್ಲಿ ಬರುತ್ತದೆ. ಮುಟ್ಟು ಶುರುವಾದ ಮೇಲೆ ಆಟದಲ್ಲಿ ಬೇಗ ಸುಸ್ತಾಗುತ್ತಿದ್ದರೆ ಸ್ಟ್ಯಾಮಿನಾ ಇಲ್ಲ ಅನ್ನುವ ಮೊದಲು ರಕ್ತದಲ್ಲಿ ಕಬ್ಬಿಣ, ಹಿಮೋಗ್ಲೋಬಿನ್ ನೋಡಿಸಿ.)

ಸೈಡ್ ಬ್ಯಾಕ್ ಆಡಿಸಿದ್ದಕ್ಕೆ ಮಗ ಮುಖ ಸಣ್ಣ ಮಾಡಿಕೊಂಡಿದ್ದರೆ ಅವನಿಗೆ ಹೀಗೆ ಹೇಳಿ. ಮಧ್ಯದಲ್ಲಿ ನಿಂತವನಿಗೆ ಸುತ್ತಲೂ ಆಟ, ಗೆರೆಯ ಪಕ್ಕ ನಿಂತವನಿಗೆ ಇಡೀ ಮೈದಾನ ಎದುರಿಗೇ ಕಾಣುತ್ತದೆ. ಒಂದು ಸೀಸನ್ ಅಲ್ಲಿ ಆಡಿದರೆ ಯಾವಾಗ ಮುಂದೆ ಹೋಗಬೇಕು, ಯಾವಾಗ ಕಾಯಬೇಕು ಅನ್ನುವುದು ತಿಳಿಯುತ್ತದೆ. ಆ ತಿಳಿವಳಿಕೆ ಮಿಡ್‌ಫೀಲ್ಡ್‌ಗೆ ವಾಪಸ್ ಬಂದಾಗ ಅವನ ಜೊತೆಗೇ ಬರುತ್ತದೆ. ಕೋಚ್ ಹತ್ತಿರ ಒಂದೇ ಒಂದು ಕೇಳಿಕೊಳ್ಳಿ: ಪ್ರಾಕ್ಟೀಸ್ ಪಂದ್ಯಗಳಲ್ಲಾದರೂ ಅರ್ಧ ಹೊತ್ತು ಅವನಿಗೆ ಮಧ್ಯದಲ್ಲಿ ಆಡಲು ಬಿಡಿ ಎಂದು. ಹಾಗೆಯೇ ತಂಡದ ಎಲ್ಲರ ಹುಟ್ಟಿದ ತಿಂಗಳು ಮತ್ತು ಎತ್ತರವನ್ನು ಟೆಸ್ಟ್ ಅಂಕಿಯ ಪಕ್ಕ ಬರೆದಿಟ್ಟರೆ ಅವರಿಗೇ ಚಿತ್ರ ಸ್ಪಷ್ಟವಾಗುತ್ತದೆ.

ಮನೆಯಲ್ಲಿ ನೀವು ಮಾಡಬೇಕಾದ ಒಂದು ಕೆಲಸ ಇದೆ. ಬಾಗಿಲ ಚೌಕಟ್ಟಿನ ಮೇಲೆ ಮೂರು ತಿಂಗಳಿಗೊಮ್ಮೆ, ಬೆಳಿಗ್ಗೆ ಎದ್ದ ತಕ್ಷಣ, ಚಪ್ಪಲಿ ಇಲ್ಲದೆ ನಿಲ್ಲಿಸಿ ಎತ್ತರ ಗುರುತು ಮಾಡಿ, ತಾರೀಖು ಬರೆಯಿರಿ. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಏರಿದರೆ ಜೋರಿನ ಬೆಳವಣಿಗೆ ಶುರುವಾಗಿದೆ ಅಂತ ತಿಳಿಯಿರಿ. ಆಗ ಓಟ ಕಡಿಮೆ ಮಾಡಿ, ನಿದ್ದೆ ಜಾಸ್ತಿ ಮಾಡಿ. ಕೊನೆಗೆ ಎಷ್ಟು ಎತ್ತರ ಆಗಬಹುದು ಅನ್ನುವ ಅಂದಾಜು ಬೇಕಾದರೆ ನಿಮ್ಮಿಬ್ಬರ ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಕೂಡಿಸಿ, ಅದಕ್ಕೆ 13 ಸೇರಿಸಿ, ಎರಡರಿಂದ ಭಾಗಿಸಿ. ಎಂಟು ಒಂಬತ್ತು ಸೆಂಟಿಮೀಟರ್ ಆಚೀಚೆ ಆಗಬಹುದು, ಆದರೂ ಒಂದು ಅಂದಾಜು ಸಿಗುತ್ತದೆ.

ಆರು ತಿಂಗಳ ನಂತರ ಮುಂದಿನ ಟೆಸ್ಟ್ ಆದಾಗ ಈ ಸಲದ ಎರಡು ಅಂಕಿ, ಆ ಸಲದ ಎರಡು ಅಂಕಿ, ಬಾಗಿಲ ಮೇಲಿನ ಗುರುತುಗಳು, ಇಷ್ಟನ್ನು ಬರೆದು ಕಳಿಸಿ. ನೋಡಿ ಉತ್ತರ ಬರೆಯುತ್ತೇನೆ.